ಕರಿಯನ ಕಾಗದಗಳನ್ನು ನಿನ್ನ ಮುಂದಿಟ್ಟು

ಮೈಲಾರಯ್ಯಾ, ಏಳುಕೋಟಿಯ ಒಡೆಯಾ,

ನಾಯಿಯ ಸಂಗತಿ ಹಿಡಿದು ದೇವರ ಮುಂದೆ ಕೂರಬಹುದೇ ಎಂಬ ಅಳುಕು ನಿನ್ನ ಒಕ್ಕಲಿನವರಿಗೆ ಇರಬೇಕಿಲ್ಲ. ನಿನ್ನ ಗೊರವಯ್ಯಗಳು ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ಇಟ್ಟು, ಡಮರುಗ ಬಾರಿಸುತ್ತ ರಾಣೆಬೆನ್ನೂರಿನ ನಮ್ಮ ಅಂಗಳಕ್ಕೆ ಬಂದಾಗ ಅವ್ವ ದೋಣಿ ತುಂಬಿಸುತ್ತಿದ್ದಳು. ಹಾಲು, ಬಾಳೆಹಣ್ಣು, ಬೆಲ್ಲ ಬಿದ್ದ ಆ ದೋಣಿಯ ಮುಂದೆ ಅವರು ಮಂಡಿಯೂರಿ, ಬೊಗಳಿ, ಗುರುಗುಟ್ಟಿ, ಬಾಯಿ ಹಾಕಿ ಉಣ್ಣುತ್ತಿದ್ದರು. ತಾವು ನಿನ್ನ ನಾಯಿಗಳೆಂದು ಹೇಳಿಕೊಳ್ಳುವುದು ಅವರಿಗೆ ಹೆಮ್ಮೆ. ಆ ಹೆಮ್ಮೆಯನ್ನು ನೋಡುತ್ತ ಬೆಳೆದವಳು ನಾನು. ಅದಕ್ಕೇ ಕರಿಯನ ಮತ್ತು ಬೆಳ್ಳಿಯ ಕಾಗದಗಳ ಫೈಲನ್ನು ಭಂಡಾರದ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದೇನೆ.

ಕರಿಯ ನಾಯಿ, ಬೆಳ್ಳಿ ಬೆಕ್ಕು. ಕರಿಯ ಬೆಂಗಳೂರಿನ ನಮ್ಮ ಬೀದಿಯಲ್ಲಿ ಮೋರಿಯ ಬದಿಗೆ ಸಿಕ್ಕ ಮರಿ, ಈಗ ಗಟ್ಟಿಮುಟ್ಟಾದ ನಾಡನಾಯಿ. ಬೆಳ್ಳಿ ಒಂದು ಮಳೆಗಾಲದಲ್ಲಿ ತಾನಾಗಿ ಒಳಗೆ ಬಂದು ಉಳಿದವಳು. ನಮ್ಮ ಮನೆಯವರು ಈ 2021ರ ಆರಂಭದಲ್ಲಿ, ಮೂರು ವರ್ಷದ ಕೆಲಸಕ್ಕೆಂದು ಜರ್ಮನಿಗೆ ಹೋದರು. ನಾನೂ ಮಗಳೂ ಇವರಿಬ್ಬರನ್ನು ಕರೆದುಕೊಂಡು ಹಿಂದಿನಿಂದ ಹೊರಡುವುದು ಎಂದು ಮಾತಾಗಿತ್ತು. ಈಗ ಶ್ರಾವಣ. ನಾವಿನ್ನೂ ಇಲ್ಲೇ ಇದ್ದೇವೆ.

ಒಡೆಯಾ, ಜಗತ್ತು ಹೇಗೆ ಮುಚ್ಚಿಕೊಂಡಿತೆಂಬುದು ನಿನಗೆ ತಿಳಿಯದ್ದೇನಲ್ಲ. 2020ರ ಮಾರ್ಚ್ 23ರಿಂದ ನಮ್ಮ ದೇಶಕ್ಕೆ ಬಂದುಹೋಗುವ ಮಾಮೂಲಿ ಅಂತಾರಾಷ್ಟ್ರೀಯ ವಿಮಾನಗಳು ನಿಂತವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಸಿಕ್ಕಿಬಿದ್ದವರನ್ನು ಕರೆತಂದವು. ಜುಲೈನಿಂದ ಕೆಲವು ದೇಶಗಳ ಜೊತೆ 'ಏರ್ ಬಬಲ್' ಒಪ್ಪಂದಗಳಾಗಿ ಅಷ್ಟಿಷ್ಟು ಹಾರಾಟ ಶುರುವಾಯಿತು. ಮಾಮೂಲಿ ವಿಮಾನಗಳ ಮೇಲಿನ ತಡೆ ಮಾತ್ರ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತಲೇ ಬಂತು. 2021ರ ಶ್ರಾವಣದ ಹೊತ್ತಿಗೆ ಇದ್ದ ಆದೇಶ ಆಗಸ್ಟ್ 31ರವರೆಗೆ. ನಡುವೆ ಎರಡನೇ ಅಲೆ ಬಂತು. 2021ರ ಏಪ್ರಿಲ್ 26ಕ್ಕೆ ಜರ್ಮನಿ ಭಾರತವನ್ನು ರೂಪಾಂತರಿ ವೈರಾಣುವಿನ ಪ್ರದೇಶವೆಂದು ಗುರುತಿಸಿ, ತನ್ನ ಪ್ರಜೆಗಳು ಮತ್ತು ಅಲ್ಲಿನ ನಿವಾಸಿಗಳನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರಿಗೂ ಬಾಗಿಲು ಹಾಕಿತು. ಜುಲೈ 7ರಂದು ಆ ಬಾಗಿಲು ಮತ್ತೆ ಸ್ವಲ್ಪ ಸರಿಯಿತು. ಈ ಸಂದಿನಲ್ಲಿ ನಾಲ್ಕು ಜೀವಗಳು ದಾಟಬೇಕು. ಎರಡಕ್ಕೆ ಮಾತು ಬರುತ್ತದೆ, ಎರಡಕ್ಕೆ ಬರುವುದಿಲ್ಲ. ನನ್ನ ನಿವೇದನೆಯೆಲ್ಲ ಮಾತು ಬಾರದ ಎರಡರ ಪರವಾಗಿ.

ಮೊದಲು ತಾಳ್ಮೆಯನ್ನು ಕೇಳುತ್ತೇನೆ. ಯುರೋಪಿನ ನೆಲಕ್ಕೆ ನಾಯಿ ಬೆಕ್ಕನ್ನು ಕರೆದೊಯ್ಯುವವರಿಗೆ ದುಡ್ಡಿಗಿಂತ ಮುಂಚೆ ಬೇಕಾಗುವುದು ಕಾಲ. ಮೊದಲು ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸಬೇಕು. ಅದರೊಳಗೆ 15 ಅಂಕಿಯ ಸಂಖ್ಯೆ. ಆಮೇಲೆ, ಇಲ್ಲವೇ ಅದೇ ದಿನ, ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಚುಚ್ಚುಮದ್ದು ಇದೇ ಪ್ರಾಣಿಗೆ ಬಿತ್ತೆನ್ನಲು ಆಧಾರವಿರುವುದಿಲ್ಲ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಯುರೋಪಿಯನ್ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಘಟಕವಾದರೂ ಇರಬೇಕು. ಇದ್ದರೂ ಒಡನೆ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಭಾರತದಂಥ ದೇಶಗಳಿಂದ ಹೋಗುವ ಪ್ರತಿ ನಾಯಿಗೂ ಬೆಕ್ಕಿಗೂ ಇದೇ ನಿಯಮ.

ಕರಿಯನ ರಕ್ತ ತೆಗೆಸಿದ್ದು ಏಪ್ರಿಲ್‌ನಲ್ಲಿ, 27ರ ರಾತ್ರಿ ಲಾಕ್‌ಡೌನ್ ಆಗಿ ಕರ್ನಾಟಕ ಬಾಗಿಲು ಹಾಕಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ. ಪಶುವೈದ್ಯರು ಎರಡು ಮಾಸ್ಕ್ ಹಾಕಿಕೊಂಡು, ಕ್ಲಿನಿಕ್ಕಿನ ಹೊರಗೆ ರಸ್ತೆಯ ಬದಿಯಲ್ಲೇ ಕರಿಯನನ್ನು ನಿಲ್ಲಿಸಿಕೊಂಡು, ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು. ಕರಿಯ ನನ್ನ ಮುಖ ನೋಡುತ್ತ ನಿಂತಿದ್ದ. ಆ ದಿನಗಳಲ್ಲಿ ಅದೇ ಊರಿನ ಮನುಷ್ಯರಿಗೆ ಹಾಸಿಗೆ, ಆಮ್ಲಜನಕ ಸಿಗುತ್ತಿರಲಿಲ್ಲ. ನಾಯಿಯ ರಕ್ತವನ್ನು ತಣ್ಣಗಿಟ್ಟು ಯುರೋಪಿಗೆ ಕಳಿಸುವ ಯೋಚನೆಯಲ್ಲಿ ನಾನಿರುವುದು ಸರಿಯೇ ಎಂದು ನಿನ್ನನ್ನೇ ಕೇಳಿದ್ದೆ. ಉತ್ತರ ನನಗೆ ಹೊಳೆದದ್ದು ಆ ವೈದ್ಯರ ಕೈ ನೋಡಿದಾಗ. ಅವರು ಒಂದು ಪ್ರಾಣಿಯ ಕೆಲಸವನ್ನು ಆ ಹೊತ್ತಿನಲ್ಲೂ ಪೂರ್ತಿ ಶ್ರದ್ಧೆಯಿಂದ ಮಾಡುತ್ತಿದ್ದರು. ಸಾಂಕ್ರಾಮಿಕದ ನಡುವೆಯೂ ಬಾಗಿಲು ತೆರೆದಿಟ್ಟ ಇಂಥ ಪಶುವೈದ್ಯರನ್ನೂ ಅವರ ಸಹಾಯಕರನ್ನೂ ನೀನು ಕಾಪಾಡು. ಅವರಿಗಾಗಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಈ ಮೂರು ತಿಂಗಳು ಯಾಕೆ ಎಂದು ಮಗಳು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ರೇಬೀಸ್ ವೈರಾಣು ಮೈಸೇರಿದ ಕೂಡಲೇ ಮುಖ ತೋರಿಸುವುದಿಲ್ಲ. ನರಗಳ ಹಾದಿ ಹಿಡಿದು ಮೆದುಳಿನ ಕಡೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಲಸಿಕೆಗೆ ಮೊದಲೇ ಕಚ್ಚಿಸಿಕೊಂಡ ನಾಯಿ ಆರೋಗ್ಯವಾಗಿಯೇ ಕಾಣಬಹುದು. ಈ ಕಾಯುವಿಕೆಯೊಳಗೆ ಸಾಮಾನ್ಯವಾಗಿ ರೋಗ ಹೊರಬೀಳುತ್ತದೆ. ಜರ್ಮನಿ 2008ರಿಂದ ನೆಲದ ಪ್ರಾಣಿಗಳ ರೇಬೀಸಿನಿಂದ ಮುಕ್ತವಾದ ದೇಶ. ನಮ್ಮಲ್ಲಿ? ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂಬ ಅಂದಾಜಿದೆ. ಅವರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಭಾರತದವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನುಮಾನದ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ 100ಕ್ಕೆ 40 ಮಂದಿ 15 ವರ್ಷ ತುಂಬದ ಮಕ್ಕಳು. ಇಷ್ಟನ್ನು ತಿಳಿದ ಮೇಲೆ ಆ ಮೂರು ತಿಂಗಳನ್ನು ಅಧಿಕಾರಿಗಳ ಕಿರುಕುಳ ಎಂದು ನಾನು ಕರೆಯಲಾರೆ. ನಮ್ಮೂರ ಹುಚ್ಚುನಾಯಿ ರೋಗಕ್ಕೆ ಬಲಿಯಾದ ಮಕ್ಕಳನ್ನು ಆ ಕಾಯುವ ದಿನಗಳಲ್ಲಿ ನೆನೆದಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಈ ರೋಗದ ಬೆನ್ನು ಹತ್ತಿದವರಿದ್ದಾರೆ. ಅವರ ಕೆಲಸ ಗೆಲ್ಲಲಿ, ಒಡೆಯಾ. ಮುಂದೊಂದು ದಿನ ನಮ್ಮ ದೇಶದ ನಾಯಿಗೂ ಈ ಕಾಯುವಿಕೆ ಬೇಡವಾಗಲಿ.

ಎರಡನೆಯದಾಗಿ ಪ್ರಾಮಾಣಿಕತೆಯನ್ನು ಬೇಡುತ್ತೇನೆ. ಯಾಕೆ ಬೇಡಬೇಕಾಯಿತು ಎಂದರೆ, ಅದನ್ನು ಮಾರಿಬಿಡುವ ಅವಕಾಶ ನನ್ನ ಫೋನಿಗೇ ಬಂದಿತ್ತು. ಪ್ರಾಣಿಗಳನ್ನು ಹೊರದೇಶಕ್ಕೆ ಸಾಗಿಸುವ ಒಬ್ಬ ಏಜೆಂಟರು, "ಅಷ್ಟು ದಿನ ಯಾಕ್ ಕಾಯ್ತೀರಾ ಮೇಡಂ, ಲಸಿಕೆ ಡೇಟ್ ಹಿಂದಕ್ಕೆ ಹಾಕಿಸಿದ್ರಾಯ್ತು, ಎಲ್ಲಾ ನಾವೇ ನೋಡ್ಕೋತೀವಿ" ಅಂದರು. ಧ್ವನಿಯಲ್ಲಿ ಕೆಡುಕೇನೂ ಇರಲಿಲ್ಲ, ಸಹಾಯ ಮಾಡುವವರ ಧ್ವನಿ. ಅಂಥ ಸಹಾಯದ ಬೆಲೆ ತೆರುವವರು ಬೇರೆ ಯಾರೋ ಆಗಿರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, 2020ರ ಒಂದೇ ವರ್ಷದಲ್ಲಿ ಸುಳ್ಳು ರೇಬೀಸ್ ಪ್ರಮಾಣಪತ್ರ ಹೊತ್ತು ಬಂದ 450ಕ್ಕೂ ಹೆಚ್ಚು ನಾಯಿಗಳನ್ನು ಗುರುತಿಸಿತು. ಹಿಂದಿನ ಎರಡು ವರ್ಷಗಳಿಗೆ ಹೋಲಿಸಿದರೆ ಶೇಕಡ 52ರ ಏರಿಕೆ. ವಾಪಸು ಕಳಿಸಲು ವಿಮಾನಗಳಿರಲಿಲ್ಲ, ಇರಿಸಿಕೊಳ್ಳಲು ಜಾಗವಿರಲಿಲ್ಲ. 2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಷಿಕಾಗೋಗೆ ಬಂದ ನಾಯಿಗಳ ಗುಂಪಿನಲ್ಲಿ ಒಂದಕ್ಕೆ ರೇಬೀಸ್ ಇದ್ದದ್ದು ಪತ್ತೆಯಾಯಿತು. ಅದೇ ವರ್ಷದ ಜುಲೈ 14ರಿಂದ ರೇಬೀಸ್ ಅಪಾಯ ಹೆಚ್ಚಿರುವ 113 ದೇಶಗಳ ನಾಯಿಗಳ ಪ್ರವೇಶವನ್ನೇ ಅಮೆರಿಕ ತಡೆಹಿಡಿಯಿತು. ಆ ಪಟ್ಟಿಯಲ್ಲಿ ಭಾರತವೂ ಇತ್ತು. ವಿಶೇಷ ಅನುಮತಿ ಸಿಕ್ಕವರಿಗೆ ಮಾತ್ರ ದಾರಿಯಿತ್ತು.

ನಮ್ಮ ಬಡಾವಣೆಯ ಹುಡುಗನೊಬ್ಬ ಟೆಕ್ಸಾಸಿಗೆ ಹೊರಡಬೇಕಿತ್ತು, ತನ್ನ ನಾಯಿಯ ಜೊತೆ. ಅವನ ಕಾಗದಗಳಲ್ಲಿ ಒಂದಕ್ಷರ ಸುಳ್ಳಿಲ್ಲ. ಈಗ ಅವನು ಸಂಜೆ ಹೊತ್ತು ಅದನ್ನು ಅಡ್ಡಾಡಿಸುವಾಗ ನನ್ನನ್ನು ಕಂಡರೆ ನಿಂತು ಮಾತಾಡುತ್ತಾನೆ, ಪ್ರಯಾಣದ ಸುದ್ದಿ ಮಾತ್ರ ಎತ್ತುವುದಿಲ್ಲ. ಯಾರೋ ಬರೆದ ಸುಳ್ಳು ತಾರೀಖು ಯಾರದೋ ನಾಯಿಯನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸುತ್ತದೆ. ಅವನ ಮೇಲೆ ಕಣ್ಣಿಡು ತಂದೆ. ಸುಳ್ಳು ಬರೆಯುವ ಕೈಗಳನ್ನೂ ಬದಲಿಸು.

ಇನ್ನು ಈ ಕಾಯಿಲೆಯ ಕಾಲದ ನಿಜವಾದ ಕಷ್ಟಕ್ಕೆ ಬರುತ್ತೇನೆ. ಪ್ರಾಣಿಗಳದೊಂದು ಪಂಚಾಂಗ, ಮನುಷ್ಯರದೊಂದು ಪಂಚಾಂಗ. ಎರಡು ಬೇರೆ ನಡಿಗೆಯ ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದ ಹಾಗೆ ಇವೆರಡನ್ನು ಸೇರಿಸಿ ನಡೆಸಬೇಕು. ಕರಿಯನ ಮೂರು ತಿಂಗಳು ಜುಲೈನಲ್ಲಿ ಮುಗಿದವು. ಅಷ್ಟು ಹೊತ್ತಿಗೆ ನನ್ನ ವೀಸಾ ಬಂದಿರಲಿಲ್ಲ, ಅರ್ಜಿ ತೆಗೆದುಕೊಳ್ಳುವ ಕೇಂದ್ರವೇ ಲಾಕ್‌ಡೌನಿನಲ್ಲಿ ಮುಚ್ಚಿತ್ತು. ಒಮ್ಮೆ ಪಾಸಾದ ರಕ್ತಪರೀಕ್ಷೆ ಪ್ರಾಣಿಯ ಜೀವಮಾನವಿಡೀ ನಡೆಯುತ್ತದೆ, ಆದರೆ ಒಂದು ಷರತ್ತು: ರೇಬೀಸ್ ಲಸಿಕೆ ಒಂದು ದಿನವೂ ತಪ್ಪದೆ ಮುಂದುವರಿಯಬೇಕು. ಬೂಸ್ಟರ್ ಗಡುವು ಮೀರಿದರೆ ಲಸಿಕೆ, 30 ದಿನ, ರಕ್ತ, ಮೂರು ತಿಂಗಳು ಎಲ್ಲ ಮತ್ತೆ ಮೊದಲಿನಿಂದ. ಲಾಕ್‌ಡೌನಿನಲ್ಲಿ ಮನೆಯಿಂದ ಹೊರಬರಲಾಗದೆ ಬೂಸ್ಟರ್ ತಪ್ಪಿಸಿಕೊಂಡ ಎಷ್ಟು ಪ್ರಾಣಿಗಳು ಈಗ ಮತ್ತೆ ಕಾಯುತ್ತಿವೆಯೋ.

ಕೊನೆಯ ಹತ್ತು ದಿನಗಳದ್ದೇ ನನಗೆ ಹೆಚ್ಚು ಭಯ. ಯುರೋಪಿನ ಮಾದರಿಯ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಮೊಹರು ಬೇಕು. ನಮ್ಮಲ್ಲಿ ಅದನ್ನು ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಮತ್ತು ಪ್ರಮಾಣೀಕರಣ ಸೇವೆ. ಅಲ್ಲಿಯ ಅಧಿಕಾರಿ ಪ್ರಾಣಿಯನ್ನು ಕಣ್ಣಾರೆ ನೋಡಿ, ಚಿಪ್ ಓದಿ, ಕಾಗದ ತಾಳೆ ಹಾಕುತ್ತಾರೆ. ಸಹಿಯಾದ ದಿನದಿಂದ ಹತ್ತು ದಿನದೊಳಗೆ ಯುರೋಪಿನ ನೆಲ ಮುಟ್ಟಬೇಕು. ಅದೇ ಹತ್ತು ದಿನದೊಳಗೆ, ಈ 2021ರ ಕೋವಿಡ್ ನಿಯಮದಂತೆ, ನನ್ನ ಮತ್ತು ಮಗಳ ಆರ್‌ಟಿ-ಪಿಸಿಆರ್ ಪರೀಕ್ಷೆಯ 72 ಗಂಟೆಯ ಅವಧಿಯೂ ಸೇರಬೇಕು. ವಿಮಾನ ರದ್ದಾದರೆ? ಪರೀಕ್ಷೆಯಲ್ಲಿ ನಮ್ಮಲ್ಲೊಬ್ಬರಿಗೆ ಸೋಂಕು ಎಂದು ಬಂದರೆ? ನಾನು ಕೋಣೆಯೊಳಗೆ, ಕರಿಯನ ಕಾಗದ ಹೊರಗೆ, ಗಡಿಯಾರ ಓಡುತ್ತಲೇ ಇರುತ್ತದೆ. ನಿಯಮ ಇಲ್ಲಿ ಕರುಣೆಯ ಒಂದು ಸಂದು ಬಿಟ್ಟಿದೆ: ಒಡೆಯರು ಪ್ರಾಣಿಗಿಂತ ಐದು ದಿನ ಮುಂಚೆಯೋ ಐದು ದಿನ ಆಮೇಲೋ ಪ್ರಯಾಣ ಮಾಡಬಹುದು, ಬರವಣಿಗೆಯಲ್ಲಿ ಅಧಿಕಾರ ಕೊಟ್ಟ ಬೇರೊಬ್ಬರು ಪ್ರಾಣಿಯ ಜೊತೆ ಬರಬಹುದು. ಐದು ದಿನದಲ್ಲಿ ಕೋವಿಡ್ ವಾಸಿಯಾಗುವುದಿಲ್ಲ ಎಂಬುದೂ ನಿನಗೆ ಗೊತ್ತು. ಹಾಗೇನಾದರೂ ಆದರೆ ಹೊರಡುವುದನ್ನೇ ನಿಲ್ಲಿಸಿ, ಟಿಕೆಟ್ಟಿನ ದುಡ್ಡು ಹೋಗಲಿ ಎಂದು ಬಿಟ್ಟು, ಮತ್ತೆ ಹೊಸ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಲ್ಲುವ ಮನಸ್ಸನ್ನು ನನಗೆ ಕೊಡು. ಹೇಗಾದರೂ ಹೋಗಲಿ ಎಂದು ಕರಿಯನನ್ನು ಒಂಟಿಯಾಗಿ ಸರಕು ವಿಮಾನಕ್ಕೆ ತಳ್ಳಿಬಿಡುವ ಅವಸರವನ್ನು ನನ್ನ ಹತ್ತಿರ ಬಿಡಬೇಡ.

ಸೋಂಕಿನ ಮಾತು ಬಂದಾಗ ಇನ್ನೊಂದನ್ನು ಅರಿಕೆ ಮಾಡಬೇಕು. 2020ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನಲ್ಲಿ ಮುದಿ ಪೊಮೆರೇನಿಯನ್ ನಾಯಿಯೊಂದರ ಪರೀಕ್ಷೆಯಲ್ಲಿ ವೈರಾಣುವಿನ ಅಂಶ ಕಂಡಿತು. ಅದಕ್ಕೆ ಸೋಂಕು ತಗುಲಿದ್ದು ತನ್ನ ಒಡತಿಯಿಂದ. ಸುದ್ದಿ ಊರೂರು ಸುತ್ತುವಾಗ ತಿರುಗುಮುರುಗಾಯಿತು, ನಾಯಿಯಿಂದ ಮನುಷ್ಯನಿಗೆ ಬರುತ್ತದೆ ಎಂದಾಯಿತು. ಎಷ್ಟೋ ಮನೆಗಳವರು ಸಾಕಿದ ಪ್ರಾಣಿಗಳನ್ನು ಬೀದಿಗೆ ಬಿಟ್ಟರು. ಹಾಗೆ ಬಿಡಬೇಡಿ, ಅವುಗಳಿಂದ ಕೋವಿಡ್ ಹರಡುವುದಕ್ಕೆ ಪುರಾವೆಯಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಆ ಮಾರ್ಚ್‌ನಲ್ಲೇ ಸಾರಿ ಹೇಳಬೇಕಾಯಿತು. ಬೆಕ್ಕಿಗೆ ಈ ಸೋಂಕು ನಾಯಿಗಿಂತ ಸುಲಭವಾಗಿ ತಗಲುತ್ತದೆ, ಅದೂ ಹೆಚ್ಚಾಗಿ ನಮ್ಮಿಂದಲೇ. ಹಾಗಾಗಿ ನನಗೆ ಜ್ವರ ಬಂದರೆ ಬೆಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳದೆ ಇರುವ ಬಲವನ್ನೂ ಕೊಡು. ಇದು ಸಣ್ಣ ಬೇಡಿಕೆಯೆಂದು ಬೆಕ್ಕು ಸಾಕಿದವರು ಅನ್ನಲಾರರು.

ಪ್ರಯಾಣದ ದಿನದ ಬಗ್ಗೆ ಹೇಳುತ್ತೇನೆ. ಬೆಳ್ಳಿ ಚೀಲದ ಭಾರ ಸೇರಿ ಎಂಟು ಕಿಲೋದೊಳಗೆ ಬರುತ್ತಾಳೆ. ನನ್ನ ಮುಂದಿನ ಸೀಟಿನ ಕೆಳಗೆ, ನನ್ನ ಕಾಲ ಬಳಿ ಇರುತ್ತಾಳೆ. ಕರಿಯ ದೊಡ್ಡವನು, ವಿಮಾನದ ಹೊಟ್ಟೆಯಲ್ಲಿ ಹೋಗಬೇಕು. ಅಲ್ಲಿಯೂ ಗಾಳಿಯ ಒತ್ತಡ, ಉಷ್ಣತೆ ಕಾಪಾಡುವ ವ್ಯವಸ್ಥೆ ಇದೆ. ಬೋನು ಹೇಗಿರಬೇಕೆಂದು ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾದ ನಿಯಮ ಹೇಳುತ್ತದೆ: ಒಳಗೆ ಅವನು ತಲೆ ತಗಲದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಎಲ್ಲ ಬದಿಯಿಂದ ಗಾಳಿಯಾಡಬೇಕು, ಬಾಗಿಲು ತೆರೆಯದೆ ಹೊರಗಿನಿಂದಲೇ ನೀರು ಹಾಕುವಂತಿರಬೇಕು. ನಾಯಿಗೆ ಮಂಪರು ಬರಿಸಿ ಕಳಿಸಬಾರದು. ಎತ್ತರದಲ್ಲಿ ಆ ಔಷಧಿ ಉಸಿರನ್ನೂ ರಕ್ತದೊತ್ತಡವನ್ನೂ ತಗ್ಗಿಸಬಹುದು. ಮಂಪರಿನ ಬದಲು ಬೇಕಾಗುವುದು ಅಭ್ಯಾಸ. ಆ ಬೋನು ನಮ್ಮ ಪಡಸಾಲೆಗೆ ಬಂದು ತಿಂಗಳುಗಳಾದವು. ಕರಿಯ ಅದರೊಳಗೇ ಉಣ್ಣುತ್ತಾನೆ. ರಾಣೆಬೆನ್ನೂರಿನಿಂದ ಬರುವ ಜೋಳದ ರೊಟ್ಟಿಯ ಚೂರು ಅವನಿಗೆ ಸಿಗುವುದು ಬೋನಿನ ಒಳಗೆ ಮಾತ್ರ. ನನ್ನ ಹಳೆಯ ಸೀರೆಯೊಂದು ಅವನ ಹಾಸಿಗೆ. ಅದನ್ನು ಒಗೆಯುತ್ತಿಲ್ಲ, ನನ್ನ ವಾಸನೆ ಇರಲಿ ಎಂದು. ಈಗ ಮಧ್ಯಾಹ್ನದ ನಿದ್ದೆಗೂ ತಾನೇ ಒಳಗೆ ಹೋಗುತ್ತಾನೆ. ನಡುವೆ ಎಲ್ಲೂ ಇಳಿಸದ, ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ಹೋಗುವ ವಿಮಾನವೇ ಬೇಕು, ಟಿಕೆಟ್ ಬೆಲೆ ಹೆಚ್ಚಾದರೂ ಸರಿ ಎಂದು ನಿಶ್ಚಯಿಸಿದ್ದೇನೆ. ಇಂಥ ಕಾಲದಲ್ಲಿ ಮಧ್ಯದ ಊರಿನ ನಿಯಮ ರಾತ್ರೋರಾತ್ರಿ ಬದಲಾಗಿ, ಪ್ರಾಣಿ ಪರದೇಶದ ಗೋದಾಮಿನಲ್ಲಿ ಉಳಿದುಬಿಡಬಾರದು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಪ್ರಾಣಿಗಳಿಗೆಂದೇ ದೊಡ್ಡ ತಂಗುದಾಣವಿದೆ, ಅಲ್ಲಿ ಪಶುವೈದ್ಯರಿದ್ದಾರೆ ಎಂಬುದು ನನಗೊಂದು ಧೈರ್ಯ.

ಸುಮಾರು ಹತ್ತು ಗಂಟೆಯ ಆ ಹಾರಾಟದಲ್ಲಿ ನಾನು ಅವನನ್ನು ಕಾಣಲಾರೆ. ಆ ಹೊತ್ತನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಬೋನನ್ನು ಎತ್ತುವ ಕೂಲಿಯವರ ಕೈ ಮೆತ್ತಗಿರಲಿ. ಕೆಳಗೊಂದು ಜೀವವಿದೆ ಎಂದು ಪೈಲಟ್ಟಿಗೆ ಯಾರಾದರೂ ಹೇಳಿರಲಿ.

ಅವ್ವ ಈ ಎಲ್ಲವನ್ನೂ ಕೇಳಿ ಒಂದು ಮಾತು ಅಂದಳು. "ಅದಕ್ಕೇನ್ ಗೊತ್ತೈತಿ ಜರ್ಮನಿ ಅಂದ್ರ? ನಿನ್ ಕೂಡ ಬರಾಕ ಅದು ಹೂಂ ಅಂದೈತೇನ?" ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೇ ತಿಳಿಯಬೇಕಿತ್ತು ಅವಳಿಗೆ. ಆ ಪ್ರಶ್ನೆಯನ್ನು ಬಹಳ ದಿನ ಹೊತ್ತು ತಿರುಗಿದೆ. ಕರಿಯನಿಗೆ ಆರು ವರ್ಷ, ಆರೋಗ್ಯವಾಗಿದ್ದಾನೆ, ಉದ್ದ ಮೂತಿಯವನು, ನಾನಿಲ್ಲದ ಮನೆಯಲ್ಲಿ ಎರಡು ದಿನ ಉಣ್ಣದೆ ಕೂರುವವನು. ಅವನನ್ನು ಕರೆದೊಯ್ಯುವುದು ಸರಿ ಎಂಬ ತೀರ್ಮಾನಕ್ಕೆ ಬಂದೆ. ಆದರೆ ಎಲ್ಲರ ಪ್ರಾಣಿಗೂ ಇದೇ ತೀರ್ಮಾನ ಸಲ್ಲದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಉಸಿರಾಟವೇ ಕಷ್ಟ. ಹಲವು ವಿಮಾನ ಸಂಸ್ಥೆಗಳು ಅವನ್ನು ಸರಕಿನ ಭಾಗದಲ್ಲಿ ಒಯ್ಯುವುದೇ ಇಲ್ಲ. ಹದಿಮೂರು ಹದಿನಾಲ್ಕು ವರ್ಷದ ಮುದಿ ನಾಯಿಗೆ, ಹೃದಯದ ತೊಂದರೆಯಿರುವುದಕ್ಕೆ ಈ ಪ್ರಯಾಣ ನಮ್ಮ ಸಮಾಧಾನಕ್ಕೆ ಮಾಡಿಸುವ ಹಿಂಸೆ. ಅಂಥವನ್ನು ಅವುಗಳಿಗೆ ಪರಿಚಯದವರ ಬಳಿ, ಖರ್ಚನ್ನೂ ಔಷಧಿಯನ್ನೂ ತಿಂಗಳು ತಿಂಗಳು ಕಳಿಸುತ್ತ ಬಿಡುವುದೇ ಪ್ರೀತಿ. ಅಂಥದೊಂದು ಮುದಿ ನಾಯಿಯನ್ನು ತಮ್ಮನ ಮನೆಯಲ್ಲಿ ಬಿಟ್ಟು ಕಣ್ಣೀರು ಹಾಕುತ್ತ ದೋಹಾಕ್ಕೆ ಹೋದ ಗೆಳತಿಯೊಬ್ಬಳನ್ನು ಬಲ್ಲೆ. ಅವಳು ಪ್ರತಿ ಭಾನುವಾರ ವಿಡಿಯೋದಲ್ಲಿ ಅದರ ಹೆಸರು ಕರೆಯುತ್ತಾಳೆ. ಅವಳ ನಿರ್ಧಾರವನ್ನು ನಾನು ನನ್ನದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಅವಳ ಎದೆಯ ಭಾರ ಇಳಿಸು.

ಒಡೆಯಾ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೊಂದಿದೆ. ಹತ್ತನೆಯ ಶತಮಾನದ್ದು. ಮಣಲೆರ ಎಂಬ ವೀರ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಗಾಗಿ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಅದರಲ್ಲೇ ಕೊರೆಸಿದರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಇಂದಿಗೂ ಎದುರುಬದುರು ನಿಂತಿವೆ. ಮಗಳಿಗೆ ಅದನ್ನು ತೋರಿಸಲು ಹೋಗಿದ್ದೆ. ಸಾವಿರ ವರ್ಷದ ಹಿಂದಿನವರು ಒಂದು ನಾಯಿಯ ಬಗ್ಗೆ ತಮಗಿದ್ದ ಹೊಣೆಯನ್ನು ತಮ್ಮ ಅನ್ನಕ್ಕೇ ಕಟ್ಟಿಹಾಕಿಕೊಂಡಿದ್ದರು. ಕೇಳಿ ಪಡೆದ ಜೀವಕ್ಕೆ ಕೊನೆಯ ತನಕ ಲೆಕ್ಕ ಒಪ್ಪಿಸಬೇಕು. ಕರಿಯನನ್ನು ಮೋರಿಯ ಬದಿಯಿಂದ ಎತ್ತಿಕೊಂಡ ದಿನ ನಾನೂ ಅದಕ್ಕೆ ಒಪ್ಪಿಕೊಂಡವಳು.

ಆ ಲೆಕ್ಕದಲ್ಲಿ ಸಾವಿನ ಯೋಚನೆಯೂ ಸೇರಬೇಕೆಂದು ಈ ಏಪ್ರಿಲ್, ಮೇ ತಿಂಗಳುಗಳು ಕಲಿಸಿದವು. ನಮ್ಮ ಊರಿನಲ್ಲಿ ಎಷ್ಟೋ ಕಡೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿ, ಬೀಗ ಹಾಕಿದ ಮನೆಯೊಳಗೆ ನಾಯಿ ಬೆಕ್ಕುಗಳು ಉಳಿದವು. ಗುರುತು ಪರಿಚಯವಿಲ್ಲದ ಸ್ವಯಂಸೇವಕರು ಬಾಗಿಲು ತೆಗೆಸಿ ಅವುಗಳಿಗೆ ನೀರು ಕೊಟ್ಟರು. ಕೆಲವಕ್ಕೆ ಮರಳಿ ಬರುವ ಒಡೆಯರೇ ಇರಲಿಲ್ಲ. ಆಗಲೇ ನಾನೊಂದು ಹಾಳೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ: ಕರಿಯ, ಬೆಳ್ಳಿ ಏನು ತಿನ್ನುತ್ತಾರೆ, ಲಸಿಕೆ ಯಾವಾಗ, ವೈದ್ಯರು ಯಾರು, ನಮಗೇನಾದರೂ ಆದರೆ ಇವರಿಬ್ಬರು ಯಾರ ಮನೆಗೆ ಹೋಗಬೇಕು. ಆ ಮನೆಯವರನ್ನು ಮೊದಲೇ ಕೇಳಿ, ಅವರು ಒಪ್ಪಿದ ಮೇಲೇ ಹೆಸರು ಬರೆದೆ. ಜರ್ಮನಿಗೂ ಇಂಥದೇ ಒಂದು ಹಾಳೆ ಸಿದ್ಧವಾಗಿದೆ. ಅಲ್ಲಿ ಇಳಿದ ಮೇಲೆ ನಮ್ಮ ಮನೆಯವರನ್ನೂ ಸೇರಿಸಿ ಎಲ್ಲರೂ ಕ್ವಾರಂಟೈನ್‌ನಲ್ಲಿ ಇರಬೇಕಾಗಿ ಬಂದರೆ, ನಾಯಿಯನ್ನು ಅಡ್ಡಾಡಿಸುವ ಸಲುವಾಗಿಯೂ ಹೊಸ್ತಿಲು ದಾಟುವಂತಿಲ್ಲ. ಅದಕ್ಕೆಂದು ಅಲ್ಲಿನ ನೆರೆಮನೆಯ ಒಬ್ಬ ಹಿರಿಯರನ್ನು ನಮ್ಮ ಮನೆಯವರು ಕೇಳಿಕೊಂಡಿದ್ದಾರೆ. ಕರಿಯನ ಫೋಟೋ ನೋಡಿ ಅವರು ಒಪ್ಪಿದರಂತೆ. ಕಾಣದ ಊರಿನ ಆ ಹಿರಿಯರಿಗೆ ಆಯಸ್ಸು ಕೊಡು.

ಅಲ್ಲಿನ ಬದುಕಿನ ಬಗ್ಗೆ ಹೆಚ್ಚು ಬೇಡುವುದಿಲ್ಲ. ನಾಯಿಯ ಹೆಸರು ಊರಾಡಳಿತದಲ್ಲಿ ಬರೆಸಿ ತೆರಿಗೆ ಕಟ್ಟಬೇಕು, ಕಟ್ಟುತ್ತೇವೆ. ಮಾಂಸವಾಗಲಿ ಹಾಲಿನ ಪದಾರ್ಥವಾಗಲಿ ಹೊರಗಿನ ದೇಶಗಳಿಂದ ಯುರೋಪಿಗೆ ಒಯ್ಯುವಂತಿಲ್ಲ; ಅವನ ಊಟದ ಪೊಟ್ಟಣಗಳೂ ಅವ್ವ ಕಟ್ಟಿಕೊಡಬೇಕೆಂದಿದ್ದ ಪೇಡೆಯೂ ಇಲ್ಲೇ ಉಳಿಯುತ್ತವೆ. ಚಳಿಗೆ ಅವನು ಹೊಂದಿಕೊಳ್ಳಲಿ. ಬೆಳ್ಳಿಗೆ ಬಿಸಿಲು ಬೀಳುವ ಒಂದು ಕಿಟಕಿ ಸಿಗಲಿ, ಅವಳಿಗೆ ಅಷ್ಟು ಸಾಕು.

ಮರಳಿ ಬರುವ ದಾರಿಯನ್ನು ಮಾತ್ರ ಈಗಲೇ ನಿನ್ನ ಮುಂದೆ ತೆರೆದಿಡುತ್ತೇನೆ. ಹೊರದೇಶದಲ್ಲಿ ಎರ‌ಡು ವರ್ಷ ನೆಲೆಸಿ ವಾಸ ಬದಲಾಯಿಸಿ ಬರುವವರು ಸಾಕುಪ್ರಾಣಿಗಳನ್ನು ಜೊತೆಗೆ ತರಬಹುದು ಎಂಬುದು ನಮ್ಮ ದೇಶದ ನಿಯಮ. ಅದಕ್ಕೂ ಮೊದಲೇ ಅದೇ ಸಂಗರೋಧ ಸೇವೆಯಿಂದ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಎರಡು ವರ್ಷಕ್ಕೆ ಮುಂಚೆ ಬರಬೇಕಾದರೆ ವಿದೇಶ ವ್ಯಾಪಾರ ನಿರ್ದೇಶನಾಲಯದ ಪರವಾನಗಿ ಬೇಕು. ಅವ್ವನಿಗೆ ವಯಸ್ಸಾಗಿದೆ. ನಾನು ನಡುವೆಯೇ ಓಡಿಬರಬೇಕಾದ ದಿನ ಬಂದರೆ ಕರಿಯ, ಬೆಳ್ಳಿ ಇಬ್ಬರೂ ಅಲ್ಲೇ ಉಳಿಯಬೇಕಾಗುತ್ತದೆ, ಮನೆಯವರ ಹತ್ತಿರ. ಅದನ್ನು ತಿಳಿದೇ ಹೊರಡುತ್ತಿದ್ದೇನೆ. ಅವ್ವನನ್ನು ನಾವು ಮರಳುವವರೆಗೆ ಗಟ್ಟಿಯಾಗಿಡು ಎಂದು ಕೇಳುವಾಗ ಉಳಿದ ಬೇಡಿಕೆಗಳೆಲ್ಲ ಹಗುರಾಗುತ್ತವೆ. ಅವಳು ನಿನ್ನ ಗೊರವರಿಗೆ ಎಷ್ಟೋ ಸಲ ದೋಣಿ ತುಂಬಿಸಿದವಳು, ತಂದೆ.

ಇನ್ನು ಇದನ್ನು ಓದುತ್ತಿರುವ ನಿಮ್ಮಲ್ಲೂ ಒಂದು ಅರಿಕೆ. ಮುಂದಿನ ವರ್ಷವೋ ಅದರಾಚೆಯೋ ಪರದೇಶಕ್ಕೆ ಹೋಗುವ ಯೋಚನೆ ಮನೆಯಲ್ಲಿ ಸುಳಿದಿದ್ದರೆ, ವೀಸಾಕ್ಕೂ ಟಿಕೆಟ್ಟಿಗೂ ಕಾಯದೆ ಈ ವಾರವೇ ನಿಮ್ಮ ನಾಯಿಯನ್ನೋ ಬೆಕ್ಕನ್ನೋ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ. ಮೊದಲು ಚಿಪ್ ಹಾಕಿಸಿ, ಆಮೇಲೆ ರೇಬೀಸ್ ಲಸಿಕೆ. ತಾರೀಖನ್ನು ನಿಮ್ಮ ಕೈಯಾರೆ ಬರೆದಿಡಿ, ಮುಂದಿನ ಬೂಸ್ಟರಿನ ತಾರೀಖನ್ನೂ ಬರೆದಿಡಿ. ಕರೆದೊಯ್ಯಲು ಆಗದೆಂದು ಕಂಡರೆ ಅದನ್ನು ಇಟ್ಟುಕೊಳ್ಳುವ ಮನೆಯನ್ನು ಇವತ್ತಿನಿಂದಲೇ ಹುಡುಕಿ, ಅದಕ್ಕೆ ಆ ಮನೆ ರೂಢಿಯಾಗಲಿ. ಲಸಿಕೆಗೆ ದುಡ್ಡಿಲ್ಲದ ನೆರೆಯವರಿದ್ದರೆ ಅವರ ನಾಯಿಗೂ, ನಿಮ್ಮ ಬೀದಿಯ ನಾಯಿಗೂ ಅದೇ ದಿನ ಒಂದು ರೇಬೀಸ್ ಲಸಿಕೆ ಹಾಕಿಸಿ.